ಕಂಪ್ಯೂಟರ್ ಆರಿಸಿದ ಅಣು ಔಷಧವಾಗುವುದೇ?

ಪ್ರಶ್ನೆ: ಕಾಲಾ ಅಜಾರ್‌ನಂತಹ ಪರಾವಲಂಬಿ ರೋಗಗಳಿಗೆ ಸಸ್ಯಗಳಲ್ಲಿರುವ ಮದ್ದನ್ನು ಕಂಪ್ಯೂಟರ್ ಮೂಲಕ ಹುಡುಕುತ್ತಾರೆಂದು ಓದಿದೆ. ಇದು ಹೇಗೆ ಸಾಧ್ಯ? ಆ ಫಲಿತಾಂಶವನ್ನು ನಂಬಬಹುದೇ?

ಉತ್ತರ: ಮೊದಲು ರೋಗಾಣುವಿನ ದುರ್ಬಲ ಸ್ಥಾನವನ್ನು ಗುರುತಿಸಬೇಕು. ಕಾಲಾ ಅಜಾರ್ ತರುವ ಲೀಷ್ಮೇನಿಯಾ ಎಂಬ ಏಕಕೋಶಜೀವಿಯ ರಕ್ಷಣೆಗೆ ಬೇಕಾದ ಟ್ರೈಪನೋಥಯೋನ್ ರಿಡಕ್ಟೇಸ್ ಎಂಬ ಕಿಣ್ವ ಮನುಷ್ಯರಲ್ಲಿ ಇಲ್ಲವೇ ಇಲ್ಲ; ಆದ್ದರಿಂದ ಅದನ್ನು ತಡೆದರೆ ರೋಗಿಗೆ ಹೆಚ್ಚು ಹಾನಿಯಾಗದೆ ಪರಾವಲಂಬಿ ಮಾತ್ರ ಸಾಯಬಹುದೆಂಬ ನಿರೀಕ್ಷೆಯಿದೆ. ಆ ಕಿಣ್ವದ ಮೂರು ಆಯಾಮದ ರಚನೆಯಲ್ಲಿರುವ ಕುಳಿಯೊಳಗೆ ಸಾವಿರಾರು ನೈಸರ್ಗಿಕ ಅಣುಗಳನ್ನು ಒಂದೊಂದಾಗಿ ಕೂರಿಸಿ, ಯಾವುದು ಎಷ್ಟು ಬಿಗಿಯಾಗಿ ಹೊಂದಿಕೊಳ್ಳುತ್ತದೆಂದು ಕಂಪ್ಯೂಟರ್ ಅಂದಾಜಿನ ಅಂಕ ಕೊಡುತ್ತದೆ. ಇದನ್ನು ಡಾಕಿಂಗ್ ಎನ್ನುತ್ತಾರೆ.

ಆದರೆ ಒಳ್ಳೆಯ ಅಂಕ ಪಡೆದ ಅಣುವನ್ನು ಔಷಧವೆಂದು ಕರೆಯುವುದು ತಪ್ಪು. ಇದನ್ನು ಒತ್ತಿ ಹೇಳಲೇಬೇಕು. ಲೀಷ್ಮೇನಿಯಾ ನಮ್ಮದೇ ರೋಗನಿರೋಧಕ ಕೋಶಗಳೊಳಗೆ ಅಡಗಿರುವುದರಿಂದ ಅಣು ಹಲವು ಪೊರೆಗಳನ್ನು ದಾಟಬೇಕು, ಯಕೃತ್ತಿನಲ್ಲಿ ಬೇಗನೆ ಒಡೆದುಹೋಗದೆ ಉಳಿಯಬೇಕು. ಇವೆಲ್ಲ ತಿಳಿಯುವುದು ಪ್ರಯೋಗಾಲಯದಲ್ಲಿಯೇ. ಹಾಗಿದ್ದರೂ, ಲಾಭ ಕಡಿಮೆಯೆಂದು ಕಂಪನಿಗಳು ಹಿಂಜರಿಯುವ ಈ ರೋಗಗಳಲ್ಲಿ, ಪರೀಕ್ಷಿಸಬೇಕಾದ ಅಣುಗಳನ್ನು ಸಾವಿರಗಳಿಂದ ಕೆಲವೇ ಹತ್ತುಗಳಿಗೆ ಇಳಿಸುವುದು ದೊಡ್ಡ ಉಪಕಾರವೆಂದೇ ನನ್ನ ಅಭಿಪ್ರಾಯ. ನಿಸರ್ಗದಲ್ಲಿ ಹುಡುಕುವುದಕ್ಕೂ ಬಲವಾದ ಆಧಾರವಿದೆ: ಪರಾವಲಂಬಿ ಹುಳುವಿನಿಂದ ಬಂದು ದೃಷ್ಟಿ ಕಳೆಯಬಲ್ಲ ನದಿ ಕುರುಡು ರೋಗಕ್ಕೆ ಕೊಡುವ ಐವರ್‌ಮೆಕ್ಟಿನ್‌ನ ಮೂಲ ಮಣ್ಣಿನ ಒಂದು ಬ್ಯಾಕ್ಟೀರಿಯಾ, ಮತ್ತು ಆ ಶೋಧಕ್ಕೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.