ಬ್ರಿಟನ್ನಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಲೀಜಿಯೊನೆಲ್ಲಾ (ನೀರಿನಲ್ಲಿ ಬೆಳೆದು ಶ್ವಾಸಕೋಶದ ರೋಗ ತರುವ ಬ್ಯಾಕ್ಟೀರಿಯಾ) ಪರೀಕ್ಷೆಯ ಪ್ರಮಾಣಪತ್ರ ಪಡೆಯಲೇಬೇಕೇ?

ಬೇಕಾಗಿಲ್ಲ, ಮನೆ ಬಾಡಿಗೆಗೆ ಕೊಡಿಸುವ ಏಜೆನ್ಸಿಗಳು ಏನೇ ಹೇಳಲಿ, ಅಂಥ ಪ್ರಮಾಣಪತ್ರವನ್ನು ಅಲ್ಲಿನ ಕಾನೂನು ಕೇಳುವುದಿಲ್ಲ. 1974ರ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆ ಹಾಗೂ 2002ರ ಹಾನಿಕರ ವಸ್ತುಗಳ ನಿಯಂತ್ರಣ ನಿಯಮಗಳ ಪ್ರಕಾರ, ಮನೆಯ ನೀರಿನ ವ್ಯವಸ್ಥೆಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯುವ ಸಂಭವವಿದೆಯೇ ಎಂಬುದನ್ನು ಮಾಲೀಕರು ಅಂದಾಜಿಸಿ, ಕಂಡುಬಂದ ಅಪಾಯವನ್ನು ನಿಯಂತ್ರಿಸಬೇಕು. ಸಣ್ಣ ಮನೆಯಾದರೆ ತಿಳಿವಳಿಕೆಯುಳ್ಳ ಮಾಲೀಕರೇ ಇದನ್ನು ಮಾಡಬಹುದು. ಮುಖ್ಯವಾಗಿ ನೋಡಬೇಕಾದದ್ದು ಉಷ್ಣತೆ: ಕಾಯಿಸಿದ ನೀರನ್ನು ತುಂಬಿಡುವ ಸಿಲಿಂಡರಿನಲ್ಲಿ ಬಿಸಿನೀರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ನಲ್ಲಿ ತಿರುಗಿಸಿದ ಒಂದು ನಿಮಿಷದೊಳಗೆ 50 ಡಿಗ್ರಿ ಮುಟ್ಟಬೇಕು, ತಣ್ಣೀರು 20 ಡಿಗ್ರಿಗಿಂತ ಕೆಳಗಿರಬೇಕು. ರೋಗ ತಗಲುವುದು ನೀರಿನ ತುಂತುರನ್ನು ಉಸಿರಾಡಿದಾಗ. ಆದ್ದರಿಂದ ಮನೆ ಖಾಲಿ ಬಿದ್ದಿದ್ದರೆ, ಹೊಸ ಬಾಡಿಗೆದಾರರು ಬರುವ ಮುನ್ನ ಷವರ್ ಮತ್ತು ನಲ್ಲಿಗಳಲ್ಲಿ ನಿಂತ ನೀರನ್ನು ತುಂತುರು ಹಾರದಂತೆ ಹರಿಸಿಬಿಡಬೇಕು.