ಪಂಚಮಿ ಜೋಕಾಲಿ ಮತ್ತು ಹನ್ನೊಂದನೇ ದಿನದ ರಕ್ತ

ಬ್ಯಾಡಗಿ ಕಡೆಯ ಹೆಣ್ಣುಮಗಳು, ವಯಸ್ಸು 38, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗರ್ಭಕೋಶದ ಕೊರಳಿನಲ್ಲಿ, ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಬದಲಾವಣೆ ಕಂಡಿತೆಂದು ಹುಬ್ಬಳ್ಳಿಯಲ್ಲಿ ಲೀಪ್ ಮಾಡಿದ್ದರು. ಕರೆಂಟು ಹರಿಯುವ ತಂತಿಯ ಕುಣಿಕೆಯಿಂದ ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ತೆಗೆಯುವ ಸಣ್ಣ ಆಪರೇಷನ್ ಅದು. ಅಂದೇ ಮನೆಗೆ ಬಂದಿದ್ದಳು. ಕೆಲವು ದಿನ ಕಾಫಿಪುಡಿ ಕಲಸಿದಂಥ ಸ್ರಾವ, ಆಮೇಲೆ ಅದೂ ನಿಂತಿತು. ಹನ್ನೊಂದನೇ ದಿನ ನಾಗರಪಂಚಮಿ. ಜೋಕಾಲಿ ಜೀಕಿ ಇಳಿದರೆ ಕೆಂಪು ರಕ್ತ.

"ಬಾಯಾರ, ನನಗ ಕ್ಯಾನ್ಸರೇ ಆಗೇತ್ರಿ. ಯಾರೂ ಖರೇ ಹೇಳವಲ್ರು." ಅತ್ತೆಯದು ಬೇರೆಯೇ ತೀರ್ಪು: ಹಬ್ಬದ ದಿನ ಜೀಕಿದ್ದಕ್ಕೇ ಹೀಗಾಯಿತು.

ಒಳಗಿನ ಗಾಯಕ್ಕೂ ಹಕ್ಕಳೆ ಕಟ್ಟುತ್ತದೆ. ಏಳರಿಂದ ಹದಿನಾಲ್ಕು ದಿನದೊಳಗೆ ಅದು ಉದುರುವಾಗ ನಿಂತ ರಕ್ತ ಮತ್ತೆ ಕಾಣಿಸಿಕೊಳ್ಳಬಹುದು. ಮೊದಲು ಬಂದ ಕಪ್ಪು, ರಕ್ತ ಕಟ್ಟಲೆಂದು ಹಚ್ಚಿದ ಔಷಧಿಯದು. ಡಿಸ್ಚಾರ್ಜ್ ಕಾರ್ಡಿನಲ್ಲಿ ಇದೆಲ್ಲ ಇತ್ತು, ಇಂಗ್ಲಿಷಿನಲ್ಲಿ.

ಇಷ್ಟು ಹೇಳಿ ಕಳಿಸುವಂತಿರಲಿಲ್ಲ. ಎಷ್ಟು ಹೋಗುತ್ತಿದೆ ಅಂತ ತಿಳಿಯಬೇಕಲ್ಲ? ಒಂದು ತಾಸಿಗೆ ಒಂದು ಪ್ಯಾಡ್ ಪೂರ್ತಿ ತೊಯ್ದರೆ ತಕ್ಷಣ ಆಸ್ಪತ್ರೆಗೆ ಎನ್ನುವುದು ವೈದ್ಯರ ಅಳತೆ. ಇವಳು ಕಟ್ಟಿಕೊಳ್ಳುವುದು ಹಳೇ ಸೀರೆಯ ಅರಿವೆ, ನಾಲ್ಕು ಮಡಿಕೆ. ಪ್ಯಾಡಿನ ಲೆಕ್ಕ ಅವಳಿಗೆ ಏನೂ ಹೇಳದು. "ಮುಂಜಾನಿಂದ ಎಷ್ಟು ಸಲ ಬದಲಿಸಿದಿ?" ಎಂದೆ. ಎರಡು ಸಲ. ಜ್ವರವಿಲ್ಲ, ಕೆಟ್ಟ ವಾಸನೆಯಿಲ್ಲ, ರಕ್ತದ ದೊಡ್ಡ ಗಡ್ಡೆಯಿಲ್ಲ, ತಲೆ ತಿರುಗುತ್ತಿಲ್ಲ. ಆದರೂ ಅವಳೆದುರಿಗೇ ಆಸ್ಪತ್ರೆಗೆ ಫೋನ್ ಹಚ್ಚಿದೆ. ಮರುದಿನ ತೋರಿಸಲು ಹೇಳಿದರು. ಅಷ್ಟರೊಳಗೆ ತಾಸಿಗೊಮ್ಮೆ ಅರಿವೆ ಬದಲಿಸುವಂತಾದರೆ, ಜ್ವರ ಇಲ್ಲವೆ ಜೋರಾದ ಹೊಟ್ಟೆನೋವು ಬಂದರೆ, ರಾತ್ರಿಯಾದರೂ 108ಕ್ಕೆ ಕರೆ ಮಾಡು ಎಂದೆ. ಜೋಕಾಲಿಯದೇನೂ ತಪ್ಪಿಲ್ಲ, ಆದರೆ ತುಂಬಿದ ಕೊಡ, ಚೀಲ ಎತ್ತಬೇಡ, ಬೇವಿನ ನೀರಿನಿಂದ ಒಳಗೆ ತೊಳೆಯಲೇಬೇಡ.

ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು. "ಒಂದು ಚೀಟಿ ಬರದು ಕೊಡ್ರಿ. ನಮ್ಮನಿಯವ್ರು ಕೇಳೂದಿಲ್ಲ." ಹಬ್ಬದ ಹಿಂದಿನ ರಾತ್ರಿಯ ಸಂಗತಿ ಆಗ ಹೊರಬಂತು. ಇವಳು ಬೇಡವೆಂದರೂ ಗಂಡ ಬಿಟ್ಟಿರಲಿಲ್ಲ. ನಾನು ಚೀಟಿ ಬರೆಯಲಿಲ್ಲ. ನಿನ್ನ ಬೇಡ ಅನ್ನುವ ಮಾತಿಗೆ ಚೀಟಿ ಬೇಕಿಲ್ಲ ಅಂದೆ. ಅವಳ ಒಪ್ಪಿಗೆ ಪಡೆದು ಹೊರಗೆ ಬೈಕಿನ ಮೇಲೆ ಕೂತಿದ್ದವನನ್ನು ಕರೆಸಿದೆ. ನಾಲ್ಕು ವಾರ ಗಂಡ ಹೆಂಡತಿ ಕೂಡುವಂತಿಲ್ಲ, ಗಾಯ ಹಸಿ ಇದೆ ಎಂದು ನೇರ ಹೇಳಿದೆ. ನೆಲ ನೋಡುತ್ತ, "ನನಗ್ಯಾರೂ ಹೇಳಿಲ್ರಿ" ಎಂದ. ಹೆಂಡತಿ ಹೇಳಿದ್ದು ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಅದನ್ನೂ ಅವನಿಗೆ ಹೇಳಿದೆ. ಮುಂದಿನ ವಾರ ಅವಳನ್ನು ಒಬ್ಬಳೇ ಬರಲು ಹೇಳಿ ಕಳಿಸಿದೆ.

ಕೆಲವೇ ದಿನಗಳಲ್ಲಿ ರಕ್ತ ನಿಂತಿತು. ತೆಗೆದ ತುಣುಕಿನ ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಮೊನ್ನೆ ಫೋನ್ ಮಾಡಿದ್ದಳು: ಆರು ತಿಂಗಳ ತಪಾಸಣೆ ಮೆಣಸಿನಕಾಯಿ ಸುಗ್ಗಿಯಲ್ಲೇ ಬೀಳತೈತಿ, ಪಗಾರ ಹೋಗತೈತಿ, ಮುಂದ ಹಾಕಬಹುದಾ? ಒಂದು ವಾರ ಹಾಕು, ಸುಗ್ಗಿ ಮುಗಿಯುವ ತನಕ ಬೇಡ ಎಂದಿದ್ದೇನೆ.