ಎದುರಿನವರ ಕಣ್ಣು ಕುಕ್ಕದ ಹಾಗೆ ಸೈಕಲ್ ಲೈಟ್

ಗಾಜನೂರಿಂದ ಶಿವಮೊಗ್ಗಕ್ಕೆ ಬೆಳಗಿನ ಜಾವ ಐದೂವರೆಗೆ ಹೊರಡ್ತೀನಿ, 1000 ಲುಮೆನ್ ಲೈಟಿಗೆ ಎದುರಿನವರು ಬೈತಾರೆ, ಬ್ಲಿಂಕಿಗೆ ಹಾಕಿದ್ರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಬ್ಲಿಂಕ್ ಬೇಡ. ಮಿಣುಕೋ ಲೈಟ್ ಎಷ್ಟು ದೂರದಲ್ಲಿದೆ ಅಂತ ಕತ್ತಲಲ್ಲಿ ಅಂದಾಜು ಸಿಗಲ್ಲ. ಜರ್ಮನಿಯಲ್ಲಂತೂ ಸೈಕಲ್ಲಿಗೆ ಬ್ಲಿಂಕ್ ಲೈಟ್ ಹಾಕೋ ಹಾಗೇ ಇಲ್ಲ.

ತಪ್ಪಿರೋದು ಲೈಟಿನ ಕೋನದಲ್ಲಿ. ಸಂಜೆ ಗೋಡೆಯಿಂದ 5 ಮೀಟರ್ ದೂರ ಸೈಕಲ್ ನಿಲ್ಲಿಸಿ. ಲೈಟ್ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ರೆ, ಬೆಳಕಿನ ನಡುಭಾಗ ಗೋಡೆ ಮೇಲೆ ನೆಲದಿಂದ 45 ಸೆಂಟಿಮೀಟರ್ ಎತ್ತರಕ್ಕೆ ಬೀಳಬೇಕು. ಆಗ ಅದು ರಸ್ತೆಗೆ ತಾಗೋದು 10 ಮೀಟರ್ ಮುಂದೆ. ಗುಂಡಿ ಕಾಣುತ್ತೆ, ಎದುರಿನವರ ಕಣ್ಣಿಗೆ ನೇರವಾಗಿ ಹೊಡೆಯಲ್ಲ. ಕ್ಲ್ಯಾಂಪ್ ಸಡಿಲ ಇದ್ರೆ ಒಂದು ಹಂಪ್ ಹಾರಿದ್ರೂ ಲೈಟ್ ಮೇಲಕ್ಕೆ ತಿರುಗುತ್ತೆ. ಹಳೇ ಟ್ಯೂಬಿನ ತುಂಡು ಸುತ್ತಿ ಬಿಗಿ ಮಾಡಿ.

ಆದ್ರೂ ಟಾರ್ಚಿನ ಥರ ದುಂಡಗೆ ಹರಡೋ ಲೈಟಿನ ಬೆಳಕು ಸ್ವಲ್ಪ ಮೇಲೆ ಚೆಲ್ಲೇ ಚೆಲ್ಲುತ್ತೆ. ಎದುರು ಯಾರಾದ್ರೂ ಕಂಡ ತಕ್ಷಣ ಲೋ ಮೋಡಿಗೆ ಇಳಿಸಿ. ಹಾಲಿನ ಕ್ಯಾನ್ ಕಟ್ಟಿಕೊಂಡು ಬರೋರು ಒಂದು ಕ್ಷಣ ಕಣ್ಣು ಕತ್ತಲೆಯಾದ್ರೂ ಪಕ್ಕದ ಚರಂಡಿಗೆ ಇಳಿದುಬಿಡ್ತಾರೆ. ನನಗೆ ಹಾಗಾಗಿದೆ, ಮೊಣಕೈ ಗಾಯ ಮಾಯೋಕೆ ಹದಿನೈದು ದಿನ ಹಿಡೀತು.

ಮಂಜು ಬಿದ್ದ ದಿನ ಫುಲ್ ಹಾಕಿದ್ರೆ ಬೆಳಕೆಲ್ಲ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತೆ, ಮುಂದೆ ಬಿಳಿ ಗೋಡೆ ನಿಂತ ಹಾಗೆ. ಆವತ್ತೂ ಲೋನೇ ಇರಲಿ. ಹಿಂದಿನ ಕೆಂಪು ಲೈಟ್ ಮಾತ್ರ ಮರೀಬೇಡಿ.